ಗೊತ್ತಿದ್ದವರು ಬಾಯಿ ಬಿಡಬೇಕಾದರೆ

ಸಂಸ್ಥೆಯ ಜನರಿಗೆ ಗೊತ್ತಿರುವುದನ್ನು ಬರೆದಿಟ್ಟು ಹಂಚಿಕೊಳ್ಳಲೆಂದು ಸಾಫ್ಟ್‌ವೇರ್ ಕೊಳ್ಳುವ ಮೊದಲು ತಂಡದ ಎರಡು ಮೂರು ಸಭೆಗಳಲ್ಲಿ ಸುಮ್ಮನೆ ಕೂರುತ್ತೇನೆ. ಯಾರಾದರೂ ‘ನನಗಿದು ಗೊತ್ತಿಲ್ಲ’ ಅಂದಾಗ ಉಳಿದವರ ಮುಖ ಹೇಗಾಗುತ್ತದೆ, ತಪ್ಪು ಒಪ್ಪಿಕೊಂಡವರಿಗೆ ಮೇಲಿನವರು ಏನನ್ನುತ್ತಾರೆ ಎಂದು ಗುರುತು ಹಾಕಿಕೊಳ್ಳುತ್ತೇನೆ. ಸಭೆಯಲ್ಲಿ ಬಾಯಿ ಕಟ್ಟಿದ್ದರೆ ಕಡತವೂ ಖಾಲಿಯೇ ಇರುತ್ತದೆ.

ಸಂಸ್ಕೃತಿಯನ್ನೂ ವಾತಾವರಣವನ್ನೂ ಒಂದೇ ಎಂದುಕೊಳ್ಳಬಾರದು. ‘ಹೇಳಿಕೊಟ್ಟರೆ ನನ್ನ ಬೆಲೆ ಇಳಿಯುತ್ತದೆ’ ಎಂಬ ನಂಬಿಕೆ ವರ್ಷಗಟ್ಟಲೆ ಬೇರೂರಿದ್ದು, ಅದು ಸಂಸ್ಕೃತಿ. ಈ ತಂಡದಲ್ಲಿ, ಈಗ, ಜನರಿಗೆ ಏನನ್ನಿಸುತ್ತಿದೆಯೋ ಅದು ವಾತಾವರಣ. ಮೇಲ್ವಿಚಾರಕರ ನಡವಳಿಕೆ ತಿದ್ದಿದರೆ ಅದು ಬೇಗ ತಿಳಿಯಾಗುತ್ತದೆ, ಹಾಗಾಗಿ ಶುರು ಮಾಡುವುದು ಅಲ್ಲಿಂದ. ಮಾತಾಡಿದರೆ ಅವಮಾನವಾಗದು ಎಂಬ ಭರವಸೆ ಇರುವ ತಂಡಗಳು ಹೆಚ್ಚು ಕಲಿಯುತ್ತವೆ ಎಂದು ಹಾರ್ವರ್ಡ್‌ನ ಪ್ರಾಧ್ಯಾಪಕಿ ಆಮಿ ಎಡ್ಮಂಡ್‌ಸನ್ 1999ರ ಅಧ್ಯಯನದಲ್ಲೇ ತೋರಿಸಿದ್ದಾರೆ.

ಈ ವಾತಾವರಣವನ್ನು ಅಳೆಯಲು ‘ಈ ತಂಡದಲ್ಲಿ ತಪ್ಪನ್ನು ಧೈರ್ಯವಾಗಿ ಒಪ್ಪಿಕೊಳ್ಳಬಹುದು’ ಎಂಬಂಥ ಏಳು ಹೇಳಿಕೆ ಸಾಕು. ಒಂದರಿಂದ ಐದರವರೆಗೆ ಅಂಕ, ಹೆಸರು ಬೇಡ. ಐದಕ್ಕಿಂತ ಕಡಿಮೆ ಜನರಿರುವ ಗುಂಪಿನ ಫಲಿತಾಂಶವನ್ನು ಪ್ರತ್ಯೇಕವಾಗಿ ತೋರಿಸುವುದಿಲ್ಲ. ಯಾರ ಉತ್ತರವೆಂದು ಬಯಲಾದರೆ ಮುಂದಿನ ಸಲ ಎಲ್ಲರೂ ಕಣ್ಣುಮುಚ್ಚಿ ನಾಲ್ಕು ಹಾಕುತ್ತಾರೆ. ಇಡೀ ಸಂಸ್ಥೆಯ ಸರಾಸರಿಯನ್ನು ನಾನು ನೋಡುವುದೇ ಇಲ್ಲ. ಕೆಟ್ಟ ತಂಡ ಅದರಲ್ಲಿ ಅಡಗಿಬಿಡುತ್ತದೆ.

ಜತೆಗೆ ಒಂದು ಹಾಳೆ: ಎಡಕ್ಕೆ ಮುಖ್ಯ ಕೆಲಸಗಳು, ಮೇಲೆ ಹೆಸರುಗಳು. ಒಬ್ಬರಿಗಷ್ಟೇ ಗೊತ್ತಿರುವ ಕೆಲಸಕ್ಕೆ ಕೆಂಪು ಬಣ್ಣ. ಮೊದಲು ಕೈಹಾಕುವುದು ಕೆಂಪು ಸಾಲುಗಳಿಗೆ ಮಾತ್ರ.

ಪ್ರತಿ ದೊಡ್ಡ ಕೆಲಸ ಮುಗಿದಾಗ 30 ನಿಮಿಷ ಕೂತು ನಾಲ್ಕು ಪ್ರಶ್ನೆ ಕೇಳಿಕೊಳ್ಳುತ್ತೇವೆ: ಏನಾಗಬೇಕಿತ್ತು, ಏನಾಯಿತು, ವ್ಯತ್ಯಾಸ ಯಾಕೆ, ಮುಂದಿನ ಸಲ ಏನು ಮಾಡೋಣ? ಇದು ಅಮೆರಿಕದ ಸೇನೆಯಲ್ಲಿ ಬೆಳೆದ ಪದ್ಧತಿ. ಮುಖ್ಯಸ್ಥರು ಕೊನೆಗೆ ಮಾತಾಡಬೇಕು, ಅದೂ ತಮ್ಮ ತಪ್ಪಿನಿಂದ ಶುರು ಮಾಡಬೇಕು. ಇಲ್ಲಿ ಹೇಳಿದ್ದು ಒಮ್ಮೆ ವಾರ್ಷಿಕ ಮೌಲ್ಯಮಾಪನದಲ್ಲಿ ಯಾರ ವಿರುದ್ಧವಾದರೂ ಬಳಕೆಯಾಯಿತೋ, ಆ ತಂಡದಲ್ಲಿ ಮತ್ತೆ ಯಾರೂ ನಿಜ ಹೇಳುವುದಿಲ್ಲ. ಈ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ.

ಗೊತ್ತಿದ್ದನ್ನು ಬರೆದಿಡುವ ಟಿಪ್ಪಣಿಗಳ ಲೆಕ್ಕಕ್ಕೆ ಬಹುಮಾನ ಇಟ್ಟರೆ ಕಸ ತುಂಬುತ್ತದೆ. ಜೆರಾಕ್ಸ್ ಕಂಪನಿಯ ದುರಸ್ತಿ ತಂತ್ರಜ್ಞರ ‘ಯುರೇಕಾ’ ವ್ಯವಸ್ಥೆಯಲ್ಲಿ ಪ್ರತಿ ಸಲಹೆಯನ್ನೂ ಪರಿಶೀಲಿಸಿ, ಬರೆದವರ ಹೆಸರಿನೊಂದಿಗೇ ಎಲ್ಲರಿಗೂ ತಲುಪಿಸುತ್ತಿದ್ದರು. ನಾನೂ ಹಾಗೇ ಮಾಡುತ್ತೇನೆ: ಬರೆದವರ ಹೆಸರು, ಮಾಡಿ ನೋಡಿದವರ ಹೆಸರು, ಆರು ತಿಂಗಳಿಗೆ ಮರುಪರಿಶೀಲನೆಯ ದಿನಾಂಕ. ಬರೆಯಲು ವಾರಕ್ಕೆ ಎರಡು ಗಂಟೆಯನ್ನು ಕೆಲಸದ ಲೆಕ್ಕಕ್ಕೇ ಸೇರಿಸಬೇಕು. ಬಿಡುವಾದಾಗ ಬರೆಯಿರಿ ಎಂದರೆ ಯಾರೂ ಬರೆಯುವುದಿಲ್ಲ.

ಹಳಬರು ನಿವೃತ್ತರಾಗುವಾಗ ಕೊನೆಯ ವಾರದಲ್ಲಿ ಬರೆಸಿಕೊಂಡ ಕಡತದಲ್ಲಿ ಎಲ್ಲರಿಗೂ ಗೊತ್ತಿರುವುದಷ್ಟೇ ಇರುತ್ತದೆ. ಆರರಿಂದ ಎಂಟು ವಾರ ಹಳಬರೂ ಅವರ ಜಾಗಕ್ಕೆ ಬರುವ ಹೊಸಬರೂ ಜತೆಗಿರಬೇಕು. ಹೊಸಬರು ಕೆಲಸ ಮಾಡಬೇಕು, ಹಳಬರು ಕೈಹಾಕದೆ ನೋಡಬೇಕು. ತಡೆಯಲಾರದೆ ಅವರು ‘ಇರು, ಹಾಗಲ್ಲ’ ಅನ್ನುವ ಜಾಗಗಳಿರುತ್ತವಲ್ಲ, ನಾನು ಬರೆದುಕೊಳ್ಳುವುದು ಅವನ್ನೇ.