ಎಂ.ಎಸ್ಸಿ. ಮಟ್ಟದಲ್ಲಿ ಟೊಪಾಲಜಿಯನ್ನು ಓದುವ ಬಗೆ

ಮಂಡ್ಯದಿಂದ ರೈಲು ಹತ್ತಿ ಮಾನಸಗಂಗೋತ್ರಿಗೆ ಬರುವವರಾಗಲಿ, ಮೈಸೂರಿನ ಹಾಸ್ಟೆಲಿನಲ್ಲಿ ಉಳಿದು ಓದುವವರಾಗಲಿ, ಟೊಪಾಲಜಿಯ (ಹರಿಯದೆ, ಅಂಟಿಸದೆ ಹಿಗ್ಗಿಸಿ ಕುಗ್ಗಿಸಿದರೂ ಬದಲಾಗದ ಆಕಾರಗುಣಗಳ ಗಣಿತ) ಮೊದಲ ತರಗತಿಗಳಲ್ಲಿ ಕಂಗಾಲಾಗುವುದು ಸಾಮಾನ್ಯ. ಬಿ.ಎಸ್ಸಿ.ಯಲ್ಲಿ ಲೆಕ್ಕ ಮಾಡಿ ಉತ್ತರ ತರುವುದು ರೂಢಿಯಾದವರಿಗೆ ಇಲ್ಲಿ ಲೆಕ್ಕವೇ ಇಲ್ಲವೆನಿಸುತ್ತದೆ. ಹೀಗಾಗಿ ಅವರು ವ್ಯಾಖ್ಯೆಗಳನ್ನೂ ಸಾಧನೆಗಳನ್ನೂ (ಪ್ರೂಫ್) ಉರು ಹೊಡೆಯತೊಡಗುತ್ತಾರೆ. ಹಾಗೆ ಓದಿದ್ದು ಪರೀಕ್ಷೆಯವರೆಗೆ ಉಳಿದೀತು, ಮುಂದಿನ ಸೆಮಿಸ್ಟರಿಗೆ ಉಳಿಯದು.

ಇದಕ್ಕೆ ನಾನು ನಂಬಿರುವ ದಾರಿ ಒಂದೇ. ಪ್ರಮೇಯವನ್ನು ಓದಿದ ಮೇಲೆ ಪುಸ್ತಕ ಮುಚ್ಚಿ, ಅದರ ಷರತ್ತುಗಳನ್ನು ಒಂದೊಂದಾಗಿ ತೆಗೆದುಹಾಕಿ, ಎಲ್ಲಿ ಮುರಿಯುತ್ತದೆಂದು ಕೈಯಾರೆ ಬರೆದು ನೋಡಬೇಕು. ಕಾಂಪ್ಯಾಕ್ಟ್ ಸ್ಪೇಸಿನಿಂದ (ತೆರೆದ ಗಣಗಳಿಂದ ಹೇಗೆ ಹೊದಿಸಿದರೂ ಅವುಗಳಲ್ಲಿ ಎಣಿಸಿ ಮುಗಿಯುವಷ್ಟೇ ಸಾಕಾಗುವ ಸ್ಪೇಸ್) ಹೌಸ್ಡಾರ್ಫ್ ಸ್ಪೇಸಿಗೆ (ಯಾವ ಎರಡು ಬಿಂದುಗಳನ್ನೂ ಒಂದನ್ನೊಂದು ತಾಗದ ತೆರೆದ ಗಣಗಳಲ್ಲಿ ಇಡಬಹುದಾದ ಸ್ಪೇಸ್) ಹೋಗುವ ಅವಿಚ್ಛಿನ್ನ ಬೈಜೆಕ್ಷನ್ (ಒಂದಕ್ಕೊಂದು ಪೂರ್ತಿ ಹೊಂದಿಕೆ) ಹೋಮಿಯೊಮಾರ್ಫಿಸಂ ಆಗಿರುತ್ತದೆ, ಅಂದರೆ ಅದರ ಹಿಮ್ಮುಖವೂ ಅವಿಚ್ಛಿನ್ನ ಎಂಬ ಪ್ರಮೇಯವನ್ನು ತೆಗೆದುಕೊಳ್ಳಿ. 0 ಸೇರಿರುವ, 1 ಸೇರದಿರುವ ಅಂತರವನ್ನು (ಇಂಟರ್ವಲ್) ವೃತ್ತದ ಸುತ್ತ ಒಂದು ಸುತ್ತು ಸುತ್ತಿದರೆ ಅವಿಚ್ಛಿನ್ನ ಬೈಜೆಕ್ಷನ್ ಸಿಗುತ್ತದೆ. ಆದರೆ ವೃತ್ತದ ಮೇಲೆ ಅಕ್ಕಪಕ್ಕದಲ್ಲಿರುವ ಬಿಂದುಗಳು ಹಿಂದಿರುಗುವಾಗ ಅಂತರದ ಎರಡು ತುದಿಗಳಿಗೆ ಚದುರಿಹೋಗುತ್ತವೆ, ಅಂದರೆ ಹಿಮ್ಮುಖ ಅವಿಚ್ಛಿನ್ನವಲ್ಲ. ಕಾಂಪ್ಯಾಕ್ಟ್ ಎಂಬ ಪದ ಅಲ್ಲಿ ಯಾಕಿತ್ತೆಂಬುದು ಆಗ ಮರೆಯಲಾರದಂತೆ ಮನಸ್ಸಿಗಿಳಿಯುತ್ತದೆ.

ಬಿಂದುಗಳನ್ನೂ ಗಣಗಳನ್ನೂ ಬೇರ್ಪಡಿಸುವ ಷರತ್ತುಗಳಾದ ಸೆಪರೇಷನ್ ಆಕ್ಸಿಯಮ್‌ಗಳ ಸೂಕ್ಷ್ಮಗಳಲ್ಲಿ ತಿಂಗಳುಗಟ್ಟಲೆ ಕೂರಬೇಡಿ. ಕನೆಕ್ಟೆಡ್‌ನೆಸ್ (ಒಂದೇ ತುಂಡಾಗಿರುವಿಕೆ), ಕಾಂಪ್ಯಾಕ್ಟ್‌ನೆಸ್ ಗಟ್ಟಿಯಾದೊಡನೆ ಕೋಷಂಟ್ ಸ್ಪೇಸಿಗೆ, ಅಂದರೆ ಕೆಲವು ಬಿಂದುಗಳನ್ನು ಒಂದೆಂದು ಅಂಟಿಸಿ ಪಡೆದ ಸ್ಪೇಸಿಗೆ, ಬನ್ನಿ. ಹೆಚ್ಚಿನವರು ಎಡವುವುದು ಇಲ್ಲಿಯೇ, ಆದ್ದರಿಂದ ಇಲ್ಲಿ ನಿಧಾನಿಸಬೇಕು. ಒಂದು ಚೌಕದ ಕಾಗದ ತೆಗೆದುಕೊಂಡು ಎಡ-ಬಲದ ಅಂಚುಗಳಿಗೆ ‘ಅ’ ಎಂದೂ ಮೇಲೆ-ಕೆಳಗಿನ ಅಂಚುಗಳಿಗೆ ‘ಆ’ ಎಂದೂ ಹೆಸರಿಟ್ಟು, ಎದುರುಬದುರಿನ ಅಂಚುಗಳಿಗೆ ಒಂದೇ ದಿಕ್ಕಿನ ಬಾಣ ಹಾಕಿ, ಅವುಗಳನ್ನು ಅಂಟಿಸಿದಂತೆ ಭಾವಿಸಿ. ದೊರೆಯುವುದು ಟೋರಸ್, ಅಂದರೆ ನಡುವೆ ತೂತಿರುವ ಉದ್ದಿನ ವಡೆಯ ಮೇಲ್ಮೈ. ನಾಲ್ಕು ಮೂಲೆಗಳು ಒಂದೇ ಶೃಂಗವಾಗುತ್ತವೆ, ಅಂಚುಗಳು 2, ಮುಖ 1; ಆದ್ದರಿಂದ ಆಯ್ಲರ್ ಸಂಖ್ಯೆ (ಶೃಂಗಗಳು – ಅಂಚುಗಳು + ಮುಖಗಳು) 1 – 2 + 1 = 0. ತೂತಿಲ್ಲದ ಮದ್ದೂರು ವಡೆಯ ಮೇಲ್ಮೈ ಟೊಪಾಲಜಿಯ ದೃಷ್ಟಿಯಲ್ಲಿ ಗೋಳವೇ, ಅದರ ಸಂಖ್ಯೆ 2. ಹಿಗ್ಗಿಸಿದರೂ ಕುಗ್ಗಿಸಿದರೂ ಈ ಸಂಖ್ಯೆಗಳು ಬದಲಾಗವು.

ಫಂಡಮೆಂಟಲ್ ಗ್ರೂಪಿನ, ಅಂದರೆ ಹೊರಟಲ್ಲಿಗೇ ಮರಳುವ ದಾರಿಗಳಿಂದಾಗುವ ಗ್ರೂಪಿನ, ಅರ್ಥ ಹಿಡಿಯಲು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಒಂದು ಸುತ್ತು ಹಾಕಿ. ನೀರಿಗೆ ಇಳಿಯಕೂಡದೆಂದರೆ ಆ ದಾರಿಯನ್ನು ಒಂದು ಬಿಂದುವಿಗೆ ಕುಗ್ಗಿಸಲಾಗದು. ಎರಡು ಸುತ್ತು ಒಂದು ಸುತ್ತಿಗೆ ಸಮನಲ್ಲ, ಹಿಮ್ಮುಖದ ಸುತ್ತು –1. ಹೀಗೆ ಪೂರ್ಣಾಂಕಗಳ ಗ್ರೂಪ್ ಕಾಣಿಸುತ್ತದೆ. ಕಾಣುವುದು ಬೇರೆ, ಸಾಧಿಸುವುದು ಬೇರೆ: ಸರಳರೇಖೆಯನ್ನು ವೃತ್ತದ ಮೇಲೆ ಸುರುಳಿಯಾಗಿ ಹೊದಿಸಿ, ದಾರಿಗಳನ್ನು ಮೇಲಕ್ಕೆತ್ತುವ ಸಾಧನೆಯನ್ನು ಒಂದು ಸಾಲೂ ಬಿಡದೆ ಬರೆಯಿರಿ. ಬಳಿಕ ಚೌಕದ ಕಾಗದಕ್ಕೆ ಮರಳಿದರೆ, ಅದರ ಗಡಿಯನ್ನು ಸುತ್ತುವ ದಾರಿ ‘ಅ, ಆ, ಹಿಮ್ಮುಖ ಅ, ಹಿಮ್ಮುಖ ಆ’ ಎಂದಿದ್ದು, ಕಾಗದದ ಒಳಗೇ ಅದು ಬಿಂದುವಿಗೆ ಕುಗ್ಗುತ್ತದೆ. ಅಂದರೆ ಅ ಮೊದಲೋ ಆ ಮೊದಲೋ ಎಂಬ ಭೇದ ಅಳಿದು, ಟೋರಸ್ಸಿನ ಗ್ರೂಪ್ ಪೂರ್ಣಾಂಕಗಳ ಜೋಡಿಗಳಾಗಿ ನಿಲ್ಲುತ್ತದೆ. ಫ್ರೆಂಚ್ ಗಣಿತಜ್ಞ ಪ್ವಾಂಕರೆ 1895ರಲ್ಲಿ ಈ ಗ್ರೂಪನ್ನು ಮುಂದಿಟ್ಟಾಗಿನಿಂದ ವಿಷಯದ ದಿಕ್ಕೇ ಬದಲಾಯಿತು.

ಜ್ಯಾಮಿತಿಗೆ ಹೋಗುವ ಮುನ್ನ ಇನ್ವರ್ಸ್ ಫಂಕ್ಷನ್ ಪ್ರಮೇಯವನ್ನೂ ಲೀನಿಯರ್ ಆಲ್ಜೀಬ್ರಾವನ್ನೂ ತಿದ್ದಿಕೊಳ್ಳಿ. ಪ್ರತಿ ಬಿಂದುವಿನ ಬಳಿ ಯೂಕ್ಲಿಡ್ ಸ್ಪೇಸಿನಂತೆ ಕಾಣುವ ಮ್ಯಾನಿಫೋಲ್ಡುಗಳಿಗಿಂತ ಮೊದಲು ಮೇಲ್ಮೈಗಳ ವಕ್ರತೆಯನ್ನು ಓದುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಗೋಳದ ತ್ರಿಜ್ಯವನ್ನು ಎಷ್ಟಾದರೂ ಇಟ್ಟುಕೊಳ್ಳಿ: ವಕ್ರತೆ ತ್ರಿಜ್ಯದ ವರ್ಗದಿಂದ 1ನ್ನು ಭಾಗಿಸಿದಷ್ಟು, ಮೇಲ್ಮೈಯ ವಿಸ್ತೀರ್ಣ 4 ಪೈ ಗುಣಿಸು ತ್ರಿಜ್ಯದ ವರ್ಗ, ಎರಡನ್ನೂ ಗುಣಿಸಿದರೆ ತ್ರಿಜ್ಯ ಮಾಯವಾಗಿ 4 ಪೈ ಮಾತ್ರ ಉಳಿಯುತ್ತದೆ. ಅದು 2 ಪೈ ಗುಣಿಸು ಆಯ್ಲರ್ ಸಂಖ್ಯೆ, ಅಂದರೆ ಒಟ್ಟು ವಕ್ರತೆಯನ್ನು ಆಯ್ಲರ್ ಸಂಖ್ಯೆಗೆ ಬೆಸೆಯುವ ಗೌಸ್-ಬೊನೆ ಪ್ರಮೇಯ. ಈಗ ಟೋರಸ್ಸಿಗೆ ಇದೇ ಲೆಕ್ಕವನ್ನು ನೀವೇ ಮಾಡಿ: ಹೊರಬದಿಯ ಧನ ವಕ್ರತೆಯೂ ತೂತಿನ ಬದಿಯ ಋಣ ವಕ್ರತೆಯೂ ಪೂರ್ತಿಯಾಗಿ ಒಂದನ್ನೊಂದು ಕಳೆಯುವವರೆಗೆ ಪೆನ್ನು ಕೆಳಗಿಡಬೇಡಿ.