ಹೃದಯದ ಮಾತ್ರೆಯೂ ಥೈರಾಯ್ಡ್ ತಪಾಸಣೆಯೂ: ನನ್ನ ಅನುಭವ

ಹೃದಯದ ಕೆಳಕೋಣೆಗಳಲ್ಲಿ ಹುಟ್ಟುವ ಅಡ್ಡಾದಿಡ್ಡಿ ಬಡಿತವನ್ನು ಹತೋಟಿಯಲ್ಲಿಡಲು ಮೈಸೂರಿನ ತಜ್ಞರು ನನಗೆ ಅಮಿಯೋಡರೋನ್ ಬರೆದುಕೊಟ್ಟರು. ಮೊದಲ ಮಾತ್ರೆಗೆ ಮುನ್ನವೇ ಟಿಎಸ್‌ಎಚ್ (ಥೈರಾಯ್ಡನ್ನು ದುಡಿಸುವ ಹಾರ್ಮೋನು, ಥೈರಾಯ್ಡ್ ಮಂದವಾದರೆ ಇದು ಏರುತ್ತದೆ) ಮತ್ತು ಎಫ್‌ಟಿ4 (ಥೈರಾಯ್ಡ್ ತಾನೇ ಸುರಿಸುವ ಹಾರ್ಮೋನು) ಪರೀಕ್ಷೆ ಮಾಡಿಸಿ, ಮುಂದೆ ಹೋಲಿಸಿ ನೋಡಲು ಆ ವರದಿಯನ್ನು ಜೋಪಾನವಾಗಿ ಇಟ್ಟುಕೊಳ್ಳುವಂತೆ ಹೇಳಿದ್ದರು.

ಈ ಔಷಧದ ತೂಕದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಅಯೋಡಿನ್ ಇದೆ. 200 ಮಿಲಿಗ್ರಾಂ ಮಾತ್ರೆಯಲ್ಲಿ ಅದು ಸುಮಾರು 75 ಮಿಲಿಗ್ರಾಂ. ಅದರಿಂದ ದಿನಕ್ಕೆ ಆರೇಳು ಮಿಲಿಗ್ರಾಂ ದೇಹಕ್ಕೆ ಬಿಡುಗಡೆಯಾಗುತ್ತದೆ. ವಯಸ್ಕರಿಗೆ ಬೇಕಾದದ್ದು 150 ಮೈಕ್ರೋಗ್ರಾಂ ಮಾತ್ರ. ಥೈರಾಯ್ಡ್ ತನ್ನ ಹಾರ್ಮೋನು ತಯಾರಿಸುವುದು ಅಯೋಡಿನ್‌ನಿಂದಲೇ. ಅದು ಹೀಗೆ ಅತಿಯಾದಾಗ ಕೆಲವರ ಥೈರಾಯ್ಡ್ ಮಂದವಾಗುತ್ತದೆ, ಕೆಲವರಲ್ಲಿ ಹಾರ್ಮೋನು ಮಿತಿಮೀರುತ್ತದೆ. ನನ್ನದು ಮಂದವಾದ ಬಗೆ.

ಥೈರಾಯ್ಡ್ ಮಂದವಾದುದರ ಲಕ್ಷಣಗಳನ್ನೇ ನಂಬಿ ಕೂರಲು ಕೊಡಗು ತಕ್ಕ ಸೀಮೆಯಲ್ಲ. ಕಕ್ಕಡ ತಿಂಗಳ ಮಳೆಯಲ್ಲಿ ಯಾರಿಗೆ ಚಳಿಯಾಗುವುದಿಲ್ಲ, ಯಾರ ಮೈ ಜಡವಾಗುವುದಿಲ್ಲ? ದನಿ ಗೊಗ್ಗರವಾಗಿದೆಯೆಂದು ಮನೆಯವರು ಹೇಳಿದಾಗ ಅದನ್ನು ಶೀತವೆಂದು ಬಗೆಯಲು ಯಾವ ಅಡ್ಡಿಯೂ ಇರಲಿಲ್ಲ. ಆರು ತಿಂಗಳಿಗೊಮ್ಮೆ ಎಂಬ ಕಟ್ಟಳೆಯಂತೆ ವಿರಾಜಪೇಟೆಯಲ್ಲಿ ರಕ್ತ ಕೊಟ್ಟದ್ದರಿಂದ ನಿಜಸ್ಥಿತಿ ತಿಳಿಯಿತು. ಔಷಧದ ಮೊದಲ ಮೂರು ತಿಂಗಳಲ್ಲಿ ಟಿಎಸ್‌ಎಚ್ ತುಸು ಏರುವುದು ಸಾಮಾನ್ಯವಂತೆ. ನನಗೆ ಅದಾದ ಬಹುಕಾಲದ ಮೇಲೆ ಟಿಎಸ್‌ಎಚ್ ಬಹಳ ಏರಿತ್ತು, ಎಫ್‌ಟಿ4 ಕೂಡ ಇಳಿದಿತ್ತು.

ಅಮಿಯೋಡರೋನ್ ಬಿಟ್ಟುಬಿಡಿ ಎಂದು ನೆಂಟರು ಹೇಳಿದರು. ವೈದ್ಯರು ಒಪ್ಪಲಿಲ್ಲ, ನನಗೂ ಅವರ ಮಾತೇ ಸರಿಯೆನಿಸಿತು. ಹಾರ್ಮೋನಿನ ಕೊರತೆಯನ್ನು ಮಾತ್ರೆಯಿಂದ ತುಂಬಬಹುದು, ಬಡಿತ ಕೈಕೊಟ್ಟರೆ ಅಷ್ಟು ಸಾವಕಾಶವಿರುವುದಿಲ್ಲ. ಮೇಲಾಗಿ ಈ ಔಷಧ ದೇಹದ ಕೊಬ್ಬಿನಲ್ಲಿ ಸೇರಿಕೊಂಡು, ನಿಲ್ಲಿಸಿದ ಮೇಲೂ ತಿಂಗಳುಗಟ್ಟಲೆ ಉಳಿಯುತ್ತದೆ. ಹಾಗಾಗಿ ಅದರ ಜೊತೆಗೇ ಲೆವೋಥೈರಾಕ್ಸಿನ್ ಎಂಬ ಥೈರಾಯ್ಡ್ ಹಾರ್ಮೋನಿನ ಮಾತ್ರೆ ಶುರುವಾಯಿತು. ಹೃದಯಕ್ಕೆ ಒಮ್ಮೆಗೇ ಭಾರವಾಗದಿರಲೆಂದು 25 ಮೈಕ್ರೋಗ್ರಾಂನಿಂದ ಆರಂಭಿಸಿ, ಆರೆಂಟು ವಾರಕ್ಕೊಮ್ಮೆ ರಕ್ತ ನೋಡಿ, ಸ್ವಲ್ಪಸ್ವಲ್ಪವೇ ಏರಿಸಿದರು.

ಕಾಫಿ ಬೆಳೆಗಾರನಿಗೆ ಕಷ್ಟವಾದದ್ದು ಬೇರೆ. ಲೆವೋಥೈರಾಕ್ಸಿನ್ ಅನ್ನು ಬರಿಹೊಟ್ಟೆಯಲ್ಲಿ, ಬರೀ ನೀರಿನಲ್ಲಿ ನುಂಗಬೇಕು. ಕಾಫಿ ಅದರ ಹೀರಿಕೆಯನ್ನು ತಗ್ಗಿಸುವುದರಿಂದ ಮೊದಲ ಲೋಟಕ್ಕೆ ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ಕಾಯಬೇಕು. ಅದಕ್ಕೇ ಮೊದಲಿಗಿಂತ ಬೇಗ ಏಳುವುದನ್ನು ರೂಢಿಸಿಕೊಂಡೆ. ಕ್ಯಾಲ್ಸಿಯಂ ಮಾತ್ರೆಯನ್ನು ರಾತ್ರಿ ಊಟಕ್ಕೆ ಸರಿಸಿದೆ, ಎರಡರ ನಡುವೆ ನಾಲ್ಕು ಗಂಟೆಯಾದರೂ ಇರಬೇಕು.

ಕಾರಣವಿಲ್ಲದೆ ತೂಕ ಇಳಿದರೆ, ಕೈ ನಡುಗಿದರೆ, ಹತೋಟಿಯಲ್ಲಿದ್ದ ಬಡಿತ ಮತ್ತೆ ಕೆಟ್ಟರೆ ಮುಂದಿನ ತಪಾಸಣೆಯವರೆಗೆ ಕಾಯಬಾರದೆಂದು ನನಗೆ ಹೇಳಿದ್ದಾರೆ. ಅದು ಹಾರ್ಮೋನು ಹೆಚ್ಚಾದುದರ ಗುರುತಾಗಿರಬಹುದು. ವಾರ್ಫರಿನ್ ಎಂಬ ರಕ್ತ ತೆಳುಮಾಡುವ ಔಷಧ ಸೇವಿಸುವವರಲ್ಲಿ ಥೈರಾಯ್ಡ್ ಏರಿಳಿದಂತೆ ರಕ್ತ ತೆಳುವಾಗುವ ಪ್ರಮಾಣವೂ ಬದಲಾಗುವುದರಿಂದ, ಅಂಥವರು ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತಿನ ಅಳತೆ) ಪರೀಕ್ಷೆಯನ್ನೂ ಆಗಾಗ ಮಾಡಿಸಬೇಕಾಗುತ್ತದೆ.