ಚಿತ್ರೀಕರಣದ ನಂತರ ನಾಜಿ ಸಮವಸ್ತ್ರಗಳ ವಿಲೇವಾರಿ: ನನ್ನ ಅನುಭವ

ಎರಡನೆಯ ಮಹಾಯುದ್ಧದ ಕಾಲದ ಕಥೆಯೊಂದಕ್ಕೆ ವಸ್ತ್ರವಿನ್ಯಾಸ ಮಾಡಿದಾಗ ನಾಜಿ ಸಮವಸ್ತ್ರಗಳು, ತೋಳುಪಟ್ಟಿಗಳು, ಧ್ವಜಗಳು ಮತ್ತು ಯೆಹೂದಿಗಳನ್ನು ಹೀಯಾಳಿಸುವ ಗೋಡೆಪತ್ರಗಳು ನನ್ನ ಸುಪರ್ದಿಯಲ್ಲಿದ್ದವು. ತೆರೆಯ ಮೇಲೆ ಕಥೆಗೆ ಅಗತ್ಯವಾದ ತೋಳುಪಟ್ಟಿಯೇ ಹೊರಗೆ ಯಾರದೋ ಮೋಜಿನ ವೇಷವೋ ದ್ವೇಷದ ಮೆರವಣಿಗೆಯ ಗುರುತೋ ಆಗಬಲ್ಲದು. ಹಾಗಾಗಿ ಹೊಲಿಗೆಯ ಹಂತದಲ್ಲೇ ವಿಲೇವಾರಿಯ ಯೋಚನೆ ಮಾಡಿ, ಲಾಂಛನಗಳನ್ನು ಬಟ್ಟೆಗೆ ಕಲೆಯಾಗದಂತೆ ಬಿಚ್ಚಬಹುದಾದ ಸಡಿಲ ಕೈಹೊಲಿಗೆಯಲ್ಲಿ ಕೂರಿಸಿದೆವು; ತೋಳುಪಟ್ಟಿಗಳಿಗೆ ಸಂಖ್ಯೆ ಕೊಟ್ಟು, ಸಹಕಲಾವಿದರು ಸೆಟ್ಟಿನಿಂದ ಹೊರಗೆ ಕಾಲಿಡುವ ಮುನ್ನ ಎಣಿಸಿ ವಾಪಸು ಪಡೆಯುತ್ತಿದ್ದೆವು.

ಚಿತ್ರೀಕರಣ ಮುಗಿದ ದಿನವೇ ಏನನ್ನೂ ನಾಶ ಮಾಡಲಿಲ್ಲ. ಸಂಕಲನದ ಹೊತ್ತಿಗೆ ಬಿಟ್ಟುಹೋದ ಶಾಟ್ ಒಂದು ಬೇಕಾಗುವುದು ಮಾಮೂಲು. ಮೇಲಾಗಿ ಅವು ನಿರ್ಮಾಪಕರ ಸ್ವತ್ತು, ಅವರ ಲಿಖಿತ ಒಪ್ಪಿಗೆಯಿಲ್ಲದೆ ಮುಟ್ಟುವಂತಿಲ್ಲ. ಅಂತಿಮ ಆವೃತ್ತಿ ಸಿದ್ಧವಾಗುವವರೆಗೆ ಎಲ್ಲವೂ ಬೀಗ ಹಾಕಿದ ಪೆಟ್ಟಿಗೆಗಳಲ್ಲಿದ್ದವು. ಬಾಡಿಗೆಗೆ ತಂದವು ಮಾತ್ರ ಮಾಲೀಕರಿಗೆ ಹಿಂದಿರುಗಿದವು.

ಹರಾಜು ಹಾಕಿದರೆ ಒಂದಿಷ್ಟು ಹಣ ಬರುತ್ತದೆ ಎಂಬ ಸಲಹೆ ಬಂದಿತ್ತು. ನಾನು ಬಲವಾಗಿ ವಿರೋಧಿಸಿದೆ. ನಾವು ಆ ಬಟ್ಟೆಗಳನ್ನು ಒಗೆದು, ಉಜ್ಜಿ, ಬಣ್ಣ ಮಾಸಿಸಿ ದಶಕಗಳಷ್ಟು ಹಳೆಯದಾಗಿ ಕಾಣುವಂತೆ ಮಾಡಿದ್ದೆವು. ನಕಲಿಯನ್ನು ಅಸಲಿಯೆಂದು ಮಾರುವವರಿಗೆ ಬೇಕಾದದ್ದೂ ಅದೇ. ಸುಟ್ಟುಬಿಡೋಣ ಎಂದವರೂ ಇದ್ದರು. ಪಾಲಿಯೆಸ್ಟರ್ ಕರಗಿ ವಿಷದ ಹೊಗೆ ಬಿಡುತ್ತದೆ, ಅದಕ್ಕಿಂತ ಮುಖ್ಯವಾಗಿ, ಯಾರದೋ ಮೊಬೈಲಿನಲ್ಲಿ ಸೆರೆಯಾದ ಅರೆಬೆಂದ ಧ್ವಜದ ದೃಶ್ಯ ಯಾವ ಹಿನ್ನೆಲೆಯೂ ಇಲ್ಲದೆ ಊರೆಲ್ಲ ಸುತ್ತುತ್ತದೆ.

ಒಪ್ಪಿಗೆ ಬಂದ ಮೇಲೆ ಲಾಂಛನಗಳನ್ನೆಲ್ಲ ಬಿಚ್ಚಿದೆವು. ಗುಂಡಿ ಮತ್ತು ಕಾಲರ್ ಬದಲಿಸಿ ಬೇರೆ ಬಣ್ಣ ಹಾಕಿದ ಉಣ್ಣೆಯ ಕೋಟುಗಳು ಯಾವುದೇ ಸೈನಿಕನ ಪಾತ್ರಕ್ಕೆ ಒದಗುವಂತಾದವು. ಧ್ವಜಗಳನ್ನು ಮತ್ತೆ ಜೋಡಿಸಲಾಗದಂತೆ ಚಿಹ್ನೆಯ ನಡುವೆಯೇ ಕತ್ತರಿಸಿದೆವು, ಲೋಹದ ಬಿಲ್ಲೆಗಳನ್ನು ಗುರುತು ಸಿಗದಷ್ಟು ಬಡಿದು ಗುಜರಿಗೆ ಕೊಟ್ಟೆವು. ಸಂಗ್ರಾಹಕರೊಬ್ಬರಿಂದ ಎರವಲು ತಂದಿದ್ದ ಬೆಲ್ಟಿನ ಬಕಲ್ ಒಂದು ಆ ಕಾಲದ್ದೇ ಆಗಿತ್ತು. ಅಂಥದ್ದು ಚರಿತ್ರೆಯ ಸಾಕ್ಷ್ಯ. ಅದನ್ನು ಒಡೆಯುವ ಹಕ್ಕು ನಮಗಿಲ್ಲ, ಮಾಲೀಕರಿಗೆ ಮರಳಿಸಬೇಕು ಅಥವಾ ಅವರು ಒಪ್ಪಿದರೆ ಮೂಲದ ವಿವರದೊಂದಿಗೆ ವಸ್ತುಸಂಗ್ರಹಾಲಯಕ್ಕೆ ಸೇರಿಸಬೇಕು.

ಜರ್ಮನಿಯಲ್ಲಿ ಕೆಲಸ ಮಾಡುವವರು ಇನ್ನಷ್ಟು ಎಚ್ಚರದಿಂದಿರಬೇಕು. ಅಲ್ಲಿನ ದಂಡಸಂಹಿತೆಯ 86ಎ ಕಲಮು ಇಂಥ ಚಿಹ್ನೆಗಳ ಸಾರ್ವಜನಿಕ ಪ್ರದರ್ಶನ ಮತ್ತು ಹಂಚಿಕೆಯನ್ನು ನಿಷೇಧಿಸುತ್ತದೆ. ಕಲೆ, ಸಂಶೋಧನೆ, ಬೋಧನೆಗಳಿಗೆ ವಿನಾಯಿತಿಯಿದ್ದರೂ ಅದು ಬಳಕೆಯ ಉದ್ದೇಶಕ್ಕೆ ಅಂಟಿಕೊಂಡದ್ದು. ಸಿನಿಮಾಕ್ಕೆಂದು ಮಾಡಿದ ಮಾತ್ರಕ್ಕೆ ಆಮೇಲಿನ ಮಾರಾಟಕ್ಕೂ ಅದು ಅನ್ವಯಿಸುತ್ತದೆಂದು ಭಾವಿಸುವಂತಿಲ್ಲ.

ಬಹಳ ಜನ ಮರೆಯುವುದು ಗೋಡೆಪತ್ರಗಳ ಡಿಜಿಟಲ್ ಕಡತಗಳನ್ನು. ಕಾಗದವನ್ನು ಎಷ್ಟೇ ಚೂರು ಮಾಡಿದರೂ ಮುದ್ರಣಾಲಯದ ಕಂಪ್ಯೂಟರಿನಲ್ಲಿ ಮೂಲ ಉಳಿದಿದ್ದರೆ ಕ್ಷಣಾರ್ಧದಲ್ಲಿ ಮತ್ತೆ ಅಚ್ಚಾಗುತ್ತದೆ. ನಾವು ಅಲ್ಲಿಯ ಪ್ರತಿಗಳನ್ನು ಎದುರಿಗೆ ನಿಂತು ಅಳಿಸಿಸಿ, ಒಂದು ಪ್ರತಿಯನ್ನು ಮಾತ್ರ ಉಳಿಸಿ, ಅದನ್ನು ನಾಶಪಡಿಸಿದ ವಸ್ತುಗಳ ಪಟ್ಟಿಯ ಜೊತೆಗೆ ನಿರ್ಮಾಪಕರ ಕಚೇರಿಗೆ ಒಪ್ಪಿಸಿದೆವು.